ಗಣಕಯಂತ್ರದ ಆಟಗಳಲ್ಲಿ ಶೂನ್ಯ ಗುರುತ್ವದ ಅನುಕರಣೆ

'ಹಾಫ್-ಲೈಫ್ 2' ಆಟವನ್ನು ಮಾರ್ಪಡಿಸಿ 2004ರಲ್ಲಿ ಹೊರತರಲಾದ 'ಗ್ಯಾರೀಸ್ ಮಾಡ್'ನಲ್ಲಿ ಆಸಕ್ತರು ಅಂತರಿಕ್ಷ ನೌಕೆಗಳನ್ನು ನಿರ್ಮಿಸಿ ಕಾಳಗ ನಡೆಸುವುದುಂಟು. ಸದರಿ ಆಟದಲ್ಲಿ ಗುರುತ್ವದ ಮೌಲ್ಯವು 600 ಎಂದು ನಿಗದಿಯಾಗಿದ್ದು, ಅದನ್ನು ಸೊನ್ನೆಗೆ ಇಳಿಸಿದ ಮಾತ್ರಕ್ಕೆ ಅಂತರಿಕ್ಷದ ಸ್ಥಿತಿಯು ಉಂಟಾಗುವುದಿಲ್ಲ. ಗಾಳಿಯ ತಡೆಯು ಹಾಗೆಯೇ ಉಳಿಯುವುದರಿಂದ, ಎಂಜಿನ್ ನಿಲ್ಲಿಸಿದ ನೌಕೆಯು ಹುಟ್ಟು ಹಾಕುವುದನ್ನು ಬಿಟ್ಟ ದೋಣಿಯಂತೆ ಕ್ರಮೇಣ ನಿಧಾನಗೊಳ್ಳುತ್ತದೆ. ಆದುದರಿಂದ ನೌಕೆಯ ಪ್ರತಿಯೊಂದು ಬಿಡಿಭಾಗಕ್ಕೂ ಸದರಿ ತಡೆಯನ್ನು ಪ್ರತ್ಯೇಕವಾಗಿ ರದ್ದುಪಡಿಸತಕ್ಕದ್ದು. ಅಂಚಿನ ಒಂದು ಭಾಗವನ್ನು ಮರೆತರೂ ನೌಕೆಯು ಓರೆಯಾಗಿ ತಿರುಗತೊಡಗಬಹುದು.

ತದನಂತರ ಕಾಳಗದ ಕ್ರಮವೇ ಬೇರೆ. ಮೂತಿಯನ್ನು ಹಿಂದಕ್ಕೆ ತಿರುಗಿಸಿದರೂ ನೌಕೆಯು ಮೊದಲಿನ ದಿಕ್ಕಿನಲ್ಲಿಯೇ ಸಾಗುವುದರಿಂದ, ಪಲಾಯನ ಮಾಡುತ್ತಲೇ ಬೆನ್ನಟ್ಟುವವನತ್ತ ಗುಂಡು ಹಾರಿಸಬಹುದಾಗಿದೆ. ಆದರೆ ನಿಲ್ಲಬೇಕಾದಲ್ಲಿ, ವೇಗ ಪಡೆಯಲು ವ್ಯಯಿಸಿದಷ್ಟೇ ನೂಕುಬಲವನ್ನು ವಿರುದ್ಧ ದಿಕ್ಕಿನಲ್ಲಿ, ಅಷ್ಟೇ ಹೊತ್ತು ಪ್ರಯೋಗಿಸಬೇಕು. ಇದನ್ನು ತಡವಾಗಿ ಆರಂಭಿಸುವ ಹೊಸಬರ ನೌಕೆಯು ಶತ್ರುವಿಗಿಂತ ಮೊದಲು ಸ್ವಂತ ನೆಲೆಗೇ ಅಪ್ಪಳಿಸುವ ಸಂಭವವಿರುತ್ತದೆ.