ಗೇರ್ ಆಯಿಲ್ ಬದಲಿಸಿದ್ದು ಯಾವಾಗ? ಕಾರಿನ ಹೊಟ್ಟೆಯಲ್ಲಿ ಮರೆತುಹೋದ ಎರಡು ಲೀಟರ್ ಕಥೆ

ಇದು ಈ ವಾರದ ಸಂಚಿಕೆಯ ಬರಹ ರೂಪ. ಬಸ್ಸಲ್ಲಿ ಇಯರ್‌ಫೋನ್ ಮರೆತು ಬಂದವರಿಗೂ ಉಪಯೋಗ ಆಗಲಿ ಅಂತ.

ಕನಕಪುರದ ಕಡೆಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಸೆಕೆಂಡ್ ಹ್ಯಾಂಡ್ ಕಾರು, ಓಡಿರೋದು ಒಂದು ಲಕ್ಷ ಕಿಲೋಮೀಟರ್ ಮೇಲೆ, ಅದರ ಬಾಡಿಗೆಯಲ್ಲೇ ಮನೆ ನಡೆಯಬೇಕು. ಬೆಳಗ್ಗೆ ಹೊತ್ತು ಎರಡನೇ ಗೇರ್ ಬೀಳೋದೇ ಕಷ್ಟ, ಹತ್ತು ನಿಮಿಷ ಓಡಿಸಿದ ಮೇಲೆ ಸರಿಹೋಗುತ್ತೆ. ತೋರಿಸಿದ ಕಡೆ ಗೇರ್‌ಬಾಕ್ಸ್ ಇಳಿಸಬೇಕು, 25 ಸಾವಿರ ಆಗುತ್ತೆ ಅಂದ್ರಂತೆ. ಇಳಿಸೋದಾ ಬೇಡ್ವಾ ಅಂತ ಅವರ ಪ್ರಶ್ನೆ.

ನಾನು ವಾಪಸ್ ಕೇಳಿದ್ದು ಒಂದೇ. ಗೇರ್ ಆಯಿಲ್ ಕೊನೆಯ ಸಲ ಯಾವಾಗ ಬದಲಿಸಿದ್ರು? ಉತ್ತರ: ಗೇರ್‌ಬಾಕ್ಸಿಗೂ ಆಯಿಲ್ ಇರುತ್ತಾ?

ಇರುತ್ತೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಲೀಟರ್ ಆಸುಪಾಸು. ಎಂಜಿನ್ ಆಯಿಲ್ ಬೇರೆ, ಇದು ಬೇರೆ. ಎಂಜಿನ್ ಆಯಿಲನ್ನ ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಬದಲಿಸ್ತಾರೆ, ಇದನ್ನ ಯಾರೂ ಕೇಳಲ್ಲ. ಡ್ಯಾಶ್‌ಬೋರ್ಡಲ್ಲಿ ಇದಕ್ಕೆ ಲೈಟ್ ಕೂಡ ಇಲ್ಲ.

ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಹೇಳ್ತೀನಿ. ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ ಎಲ್ಲ ಗೇರ್ ಒಂದೊಂದಾಗಿ ಹಾಕಿ ನೋಡಿ. ಆಮೇಲೆ ಎಂಜಿನ್ ಆನ್ ಮಾಡಿ, ನಿಂತಲ್ಲೇ ಅದನ್ನೇ ಮಾಡಿ. ಆಫ್ ಇದ್ದಾಗ ಬೆಣ್ಣೆ ಥರ ಬಿದ್ದು, ಆನ್ ಆದಾಗ ಎಲ್ಲ ಗೇರೂ, ಮುಖ್ಯವಾಗಿ ಮೊದಲನೇದು ಮತ್ತು ರಿವರ್ಸ್, ಗಟ್ಟಿಯಾದ್ರೆ ನಿಮ್ಮ ಸಮಸ್ಯೆ ಬಹುತೇಕ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅನ್ನೋದು. ಅಲ್ಲಿ ಗೇರ್ ಆಯಿಲ್ ಬದಲಿಸಿದ್ರೆ ದುಡ್ಡು ದಂಡ. ತಣ್ಣಗಿದ್ದಾಗ ಮಾತ್ರ ಒಂದೋ ಎರಡೋ ಗೇರ್ ಗಟ್ಟಿ, ಬಿಸಿಯಾದ ಮೇಲೆ ಸಲೀಸು ಅಂದ್ರೆ ಆಯಿಲ್ ಕಡೆ ನೋಡಬೇಕು. ಬಿಸಿಯಾದ ಮೇಲೂ ಕರಕರ ಅಂತ ಹಲ್ಲು ಕಡಿಯೋ ಸದ್ದು ಬಂದ್ರೆ ಒಳಗಿನ ಸಿಂಕ್ರೋ ರಿಂಗ್ ಸವೆದಿದೆ. ಅದನ್ನ ಯಾವ ಆಯಿಲೂ ವಾಪಸ್ ಬೆಳೆಸಲ್ಲ. ಆಗ ಗೇರ್‌ಬಾಕ್ಸ್ ಇಳಿಸಲೇಬೇಕು, ನಿಜ.

ಈ ಸಿಂಕ್ರೋ ಅಂದ್ರೇನು? ಓಡ್ತಾ ಇರೋ ಬಸ್ ಹತ್ತೋದನ್ನ ನೆನಪಿಸಿಕೊಳ್ಳಿ. ನಿಂತ ಜಾಗದಿಂದ ಕಂಬಿ ಹಿಡಿದ್ರೆ ಕೈ ಕಿತ್ತು ಬರುತ್ತೆ. ಬಸ್ ಜೊತೆಗೇ ನಾಲ್ಕು ಹೆಜ್ಜೆ ಓಡಿ, ಅದರ ವೇಗಕ್ಕೆ ಬಂದು ಹಿಡಿದ್ರೆ ಆರಾಮಾಗಿ ಹತ್ತಬಹುದು. (ಹತ್ತಬೇಡಿ, ಉದಾಹರಣೆಗೆ ಹೇಳಿದೆ.) ಗೇರ್ ಬದಲಿಸುವಾಗ ಒಳಗೆ ಎರಡು ಭಾಗ ಬೇರೆ ಬೇರೆ ವೇಗದಲ್ಲಿ ತಿರುಗ್ತಾ ಇರುತ್ತವೆ. ಅವನ್ನ ಒಂದೇ ವೇಗಕ್ಕೆ ತರೋ ಆ ನಾಲ್ಕು ಹೆಜ್ಜೆಯ ಓಟವೇ ಸಿಂಕ್ರೋ ರಿಂಗ್ ಕೆಲಸ. ಹೆಚ್ಚಿನ ಕಾರುಗಳಲ್ಲಿ ಇದು ಹಿತ್ತಾಳೆ ಜಾತಿಯ ಲೋಹದ್ದು. ಉಜ್ಜಿ ಉಜ್ಜಿ ವೇಗ ಸರಿಹೊಂದಿಸುತ್ತೆ. ಅಂದ್ರೆ ಇದಕ್ಕೆ ಸ್ವಲ್ಪ ಹಿಡಿತ ಬೇಕು, ಪೂರ್ತಿ ಜಾರಬಾರದು. ಪಕ್ಕದಲ್ಲೇ ಇರೋ ಗೇರಿನ ಹಲ್ಲುಗಳಿಗೆ ಮಾತ್ರ ಚೆನ್ನಾಗಿ ಜಾರಬೇಕು. ಒಂದೇ ಆಯಿಲ್ ಈ ಎರಡೂ ಕೆಲಸ ಮಾಡಬೇಕು. ಇಡೀ ವಿಷಯದ ತಲೆನೋವು ಇಲ್ಲೇ ಇರೋದು.

ಹಲ್ಲುಗಳ ಕಥೆ ಅರ್ಥ ಆಗಬೇಕಾದ್ರೆ ಚನ್ನಪಟ್ಟಣಕ್ಕೆ ಬನ್ನಿ. ಬೊಂಬೆ ಮಾಡೋರು ಹಾಲೆ ಮರದ ತುಂಡನ್ನ ಲೇತಿಗೆ ಹಾಕಿ ತಿರುಗಿಸ್ತಾ, ಅರಗಿನ ಕಡ್ಡಿನ ಅದಕ್ಕೆ ಒತ್ತಿ ಹಿಡೀತಾರೆ. ಬೆಂಕಿ ಬೇಡ, ಕುಂಚ ಬೇಡ. ಉಜ್ಜಿದ ಬಿಸಿಗೇ ಅರಗು ಕರಗಿ ಮರದ ಮೇಲೆ ಬಣ್ಣದ ಪದರವಾಗಿ ಕೂರುತ್ತೆ. ಗೇರ್ ಆಯಿಲ್‌ನಲ್ಲಿ ಬೆರೆಸಿರೋ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚು ಕಡಿಮೆ ಹಾಗೇ ಕೆಲಸ ಮಾಡುತ್ತವೆ. ಹಲ್ಲಿಗೆ ಹಲ್ಲು ಒತ್ತಿ ಎಲ್ಲಿ ಬಿಸಿ ಏರುತ್ತೋ ಅಲ್ಲೇ ಲೋಹದ ಜೊತೆ ಸೇರಿ ತೆಳು ಪದರ ಕಟ್ಟುತ್ತವೆ. ಮುಂದಿನ ಸಲ ಸವೆಯೋದು ಆ ಪದರ, ಉಕ್ಕಲ್ಲ.

ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಅಂತ ಬರೆದಿರೋದು ಇದರ ಲೆಕ್ಕ. ಜಿಎಲ್-5ರಲ್ಲಿ ಈ ರಾಸಾಯನಿಕ ಜಿಎಲ್-4ಕ್ಕಿಂತ ಸುಮಾರು ಎರಡರಷ್ಟು. ನಂಬರ್ ದೊಡ್ಡದು, ಹಾಗಾಗಿ ಒಳ್ಳೇದು ಅಂತ ಅಂಗಡಿಯಲ್ಲಿ ಕೊಟ್ಟುಬಿಡ್ತಾರೆ. ನಾವು ಮೊಬೈಲ್ ಕೊಳ್ಳೋದೂ ಹಾಗೇ ತಾನೆ! ಆದ್ರೆ ಜಿಎಲ್-4 ಕೇಳೋ ಗೇರ್‌ಬಾಕ್ಸಿಗೆ ಜಿಎಲ್-5 ಹಾಕಿದ್ರೆ ಸಿಂಕ್ರೋಗೆ ಬೇಕಾದ ಹಿಡಿತ ತಪ್ಪಬಹುದು, ಕೆಲವು ಆಯಿಲ್‌ಗಳ ಗಂಧಕ ಬಿಸಿಯಲ್ಲಿ ಹಿತ್ತಾಳೆಯನ್ನೇ ತಿನ್ನಬಹುದು. ಜಿಎಲ್-5 ನಿಜವಾಗಿ ಬೇಕಿರೋದು ಹಿಂದಿನ ಆಕ್ಸಲ್‌ನ ಕ್ರೌನ್ ಪಿನಿಯನ್‌ಗೆ. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ, ಒತ್ತಡ ಜಾಸ್ತಿ.

ಇಲ್ಲಿ ನಿಮ್ಮ ಕಾರು ಯಾವ ಜಾತಿ ಅಂತ ಗೊತ್ತಿರಬೇಕು. ಆಲ್ಟೊ, ಸ್ವಿಫ್ಟ್, ಐ10 ಥರದ ಮುಂದಿನ ಚಕ್ರ ಎಳೆಯೋ ಕಾರುಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಎರಡೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಆಯಿಲ್‌ನಲ್ಲಿ ಸಂಸಾರ ಮಾಡುತ್ತವೆ. ಓಮ್ನಿ, ಈಕೊ, ಬೊಲೆರೊ, ಇನ್ನೋವಾ ಇವೆಲ್ಲ ಹಿಂದಿನ ಚಕ್ರ ತಳ್ಳೋವು. ಗೇರ್‌ಬಾಕ್ಸ್ ಮುಂದೆ, ಕ್ರೌನ್ ಹಿಂದೆ, ಎರಡಕ್ಕೂ ಬೇರೆ ಬೇರೆ ಆಯಿಲ್, ಬೇರೆ ಬೇರೆ ಗ್ರೇಡ್ ಇರಬಹುದು. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತುಂಬಿಕೊಂಡು ಬರೋ ಓಮ್ನಿ ಇಟ್ಟವರು ಇದನ್ನ ನೆನಪಿಡಿ. ಗೇರ್‌ಬಾಕ್ಸಿಗೆ ಹಾಕಿ, ಹಿಂದಿನದ್ದನ್ನ ಮರೆತು ಬರೋದೇ ಜಾಸ್ತಿ.

ಒಂದು ಮಾತು ಮಧ್ಯದಲ್ಲಿ. ಗೇರ್‌ಬಾಕ್ಸ್ ನಮಗೆ ದೂರದ ವಸ್ತು ಏನಲ್ಲ. ಬಿಡದಿಯಲ್ಲಿ ಇನ್ನೋವಾ 2005ರಿಂದ ತಯಾರಾಗ್ತಿದೆ. 2002ರಲ್ಲಿ ಶುರುವಾದ ಟೊಯೋಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಕಾರ್ಖಾನೆ ಅಲ್ಲೇ 2004ರಿಂದ ಮ್ಯಾನುಯಲ್ ಗೇರ್‌ಬಾಕ್ಸ್ ಮಾಡಿ ಹೊರದೇಶಕ್ಕೂ ಕಳಿಸಿದೆ. ನಮ್ಮ ಊರುಗಳ ಐಟಿಐ ಹುಡುಗರು ಜೋಡಿಸೋ ವಸ್ತು ಇದು.

ಸರಿ, 75ಡಬ್ಲ್ಯು-90 ಅಂದ್ರೆ? ಡಬ್ಲ್ಯು ಇರೋ ಮೊದಲ ನಂಬರ್ ಚಳಿಯದು, ಎರಡನೇದು ಬಿಸಿಯಲ್ಲಿ ಎಷ್ಟು ದಪ್ಪ ಅನ್ನೋದು. 75ಡಬ್ಲ್ಯು ಆಯಿಲನ್ನ ಮೈನಸ್ 40 ಡಿಗ್ರಿಯಲ್ಲಿ, 80ಡಬ್ಲ್ಯುನ ಮೈನಸ್ 26ರಲ್ಲಿ ಪರೀಕ್ಷೆ ಮಾಡ್ತಾರೆ. ಡಿಸೆಂಬರ್‌ನಲ್ಲಿ ಸಾವನದುರ್ಗದ ಬುಡದಲ್ಲಿ ನಿಂತ್ರೂ ಅಂಥ ಚಳಿ ನಮಗಿಲ್ಲ. ಆದ್ರೂ ಮಾಗಡಿಯ ಮುಂಜಾನೆಯಲ್ಲಿ ತೆಳು ಆಯಿಲ್‌ಗೂ ದಪ್ಪ ಆಯಿಲ್‌ಗೂ ವ್ಯತ್ಯಾಸ ಕೈಗೆ ಗೊತ್ತಾಗುತ್ತೆ. ಇನ್ನೊಂದು ವಿಷಯ: 90 ಅಂದ ಕೂಡಲೇ ಎಂಜಿನ್ ಆಯಿಲ್‌ನ 40ಕ್ಕಿಂತ ಎರಡು ಪಟ್ಟು ದಪ್ಪ ಅಂದ್ಕೋಬೇಡಿ. ಎರಡರ ಅಳತೆಗೋಲೇ ಬೇರೆ. ಗೇರ್ ಆಯಿಲ್‌ನ 90, ಎಂಜಿನ್ ಆಯಿಲ್‌ನ 40-50ರ ಆಸುಪಾಸಿನದೇ. ನಿಮ್ಮ ಕಾರಿಗೆ ಯಾವುದು ಅಂತ ಗ್ಲೋವ್ ಬಾಕ್ಸಿನಲ್ಲಿ ಮಲಗಿರೋ ಪುಸ್ತಕದಲ್ಲಿದೆ. ಪುಸ್ತಕ ಕಳೆದಿದ್ರೆ ಕಂಪನಿಯ ಸೈಟಲ್ಲಿ ಪಿಡಿಎಫ್ ಸಿಗುತ್ತೆ. ಅದರಲ್ಲಿರೋದೇ ಕೊನೆಯ ಮಾತು, ನನ್ನದಲ್ಲ.

ಇನ್ನು ಯಾವಾಗ ಬದಲಿಸಬೇಕು ಅನ್ನೋದು. ಗೇರ್‌ಬಾಕ್ಸಲ್ಲಿ ಏನೂ ಉರಿಯಲ್ಲ, ಹಾಗಾಗಿ ಎಂಜಿನ್ ಆಯಿಲ್ ಥರ ಮಸಿ ಸೇರಲ್ಲ. ಆದ್ರೆ ಹಲ್ಲುಗಳ ನಡುವೆ ಅರೆದು ಅರೆದು ಅದರ ದಪ್ಪ ಕಡಿಮೆ ಆಗುತ್ತೆ, ಸವೆದ ಲೋಹದ ಪುಡಿ ಅಲ್ಲೇ ಸುತ್ತುತ್ತೆ. ಹೆಚ್ಚಿನ ಮ್ಯಾನುಯಲ್ ಗೇರ್‌ಬಾಕ್ಸಲ್ಲಿ ಫಿಲ್ಟರ್ ಅನ್ನೋದೇ ಇಲ್ಲ. ಕೆಲವು ಕಂಪನಿ 40 ಸಾವಿರ ಕಿಲೋಮೀಟರ್ ಅನ್ನುತ್ತೆ, ಕೆಲವು ಇನ್ನೂ ಜಾಸ್ತಿ, ಕೆಲವು ಬದಲಿಸೋದೇ ಬೇಡ ಅನ್ನುತ್ತವೆ. ಆ 'ಜೀವಮಾನ' ಕಾರಿನದ್ದೋ ವಾರಂಟಿಯದ್ದೋ ಅಂತ ನನಗೆ ಯಾವಾಗಲೂ ಅನುಮಾನ. ಬಾಡಿಗೆ ಓಡಿಸೋರು, ಭಾರ ಹೊರೋರು, ಸಂಗಮದ ಇಳಿಜಾರಲ್ಲಿ ದಿನಾ ಗೇರ್ ತಿರುವೋರು ಪುಸ್ತಕ ಹೇಳಿದ್ದಕ್ಕಿಂತ ಮುಂಚೆ ಬದಲಿಸಿದ್ರೆ ನಷ್ಟವಿಲ್ಲ.

ಕಿಲೋಮೀಟರ್ ನೋಡದೆ ತಕ್ಷಣ ಬದಲಿಸಬೇಕಾದ ಸಂದರ್ಭ ಒಂದಿದೆ: ನೀರು. 2022ರ ಆಗಸ್ಟ್ ಕೊನೆಯ ಮಳೆ ನೆನಪಿದೆಯಲ್ಲ? ರಾಮನಗರದ ಹತ್ತಿರ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರು, ಬಸ್ಸು ನೀರಲ್ಲಿ ನಿಂತಿದ್ದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. 2023ರ ಮಾರ್ಚ್ 12ಕ್ಕೆ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು, ವಾರದೊಳಗೆ ಮಳೆ ಬಂದು ರಾಮನಗರದ ಬಳಿ ಮತ್ತೆ ನೀರು ನಿಂತಿತು. ಎಂಜಿನ್‌ಗೆ ನೀರು ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ಗೇರ್‌ಬಾಕ್ಸಿಗೂ ಹೋಗುತ್ತೆ, ಅದೂ ವಿಚಿತ್ರ ದಾರಿಯಲ್ಲಿ. ಗೇರ್‌ಬಾಕ್ಸ್ ಮೇಲೆ ಬ್ರೀದರ್ ಅಂತ ಉಸಿರಾಡೋ ಸಣ್ಣ ನಳಿಕೆ ಇರುತ್ತೆ. ಗಂಟೆಗಟ್ಟಲೆ ಓಡಿ ಬಿಸಿಯಾದ ಪೆಟ್ಟಿಗೆ ದಿಢೀರ್ ಅಂತ ತಣ್ಣೀರಲ್ಲಿ ಮುಳುಗಿದ್ರೆ ಒಳಗಿನ ಗಾಳಿ ಕುಗ್ಗುತ್ತೆ. ಕುಗ್ಗಿದ ಜಾಗ ತುಂಬೋಕೆ ಬ್ರೀದರ್ ಮೂಲಕ, ಸವೆದ ಸೀಲ್ ಮೂಲಕ ನೀರನ್ನ ಅದೇ ಎಳ್ಕೊಳ್ಳುತ್ತೆ. ಕಾರು ಒಣಗುತ್ತೆ, ಸ್ಟಾರ್ಟ್ ಆಗುತ್ತೆ, ಓಡುತ್ತೆ. ಒಳಗೆ ಬೇರಿಂಗ್ ತುಕ್ಕು ಹಿಡೀತಾ ಇರುತ್ತೆ. ಆರು ತಿಂಗಳಾದ ಮೇಲೆ ಊಊ ಅಂತ ಗೋಳಿಡೋ ಸದ್ದು ಬಂದಾಗ ಮಳೆ ಯಾರಿಗೂ ನೆನಪಿರಲ್ಲ.

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ಇದನ್ನ ಪರೀಕ್ಷಿಸಬಹುದು. ಮೆಕಾನಿಕ್ ಕೈಲಿ ಗೇರ್‌ಬಾಕ್ಸಿನ ಫಿಲ್ಲರ್ ಬೋಲ್ಟ್ ಬಿಚ್ಚಿಸಿ, ಒಂದು ಕೇಬಲ್ ಟೈ ಬಗ್ಗಿಸಿ ಅದ್ದಿ ನೋಡಿ. ಜೇನಿನ ಬಣ್ಣದಿಂದ ಕಪ್ಪಿನ ತನಕ ಏನಿದ್ರೂ ನೀರಿನ ಭಯ ಇಲ್ಲ. ಹಾಲು ಹಾಕಿದ ಕಾಫಿ ಥರ ಇದ್ರೆ ಒಳಗೆ ನೀರು ಹೋಗಿದೆ. ಮಾರೋರು ಬೋಲ್ಟ್ ಮುಟ್ಟೋಕೇ ಬಿಡಲ್ಲ ಅಂದ್ರೆ ಅದೂ ಒಂದು ಉತ್ತರ. ನಿಮ್ಮ ಕಾರಿಗೇ ನೀರು ಹೊಕ್ಕಿದ್ರೆ ಒಂದು ಸಲ ಬದಲಿಸಿ, ಸ್ವಲ್ಪ ದೂರ ಓಡಿಸಿ, ಇನ್ನೊಮ್ಮೆ ಬದಲಿಸಬೇಕು. ಮೂಲೆಯಲ್ಲಿ ಉಳಿದ ನೀರು ಮೊದಲ ಸಲಕ್ಕೆ ಬರಲ್ಲ.

ಈಗ ಕೆಲಸದ ವಿಚಾರ. ಹದಿನೈದು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾಗಲಿ, ಆಗ ಸರಿಯಾಗಿ ಇಳಿಯುತ್ತೆ. ಕಾರು ಸಮತಟ್ಟಾಗಿ ನಿಲ್ಲಬೇಕು. ವಾಟರ್ ಸರ್ವಿಸ್ ಮಾಡೋ ಕಡೆ ರ‍್ಯಾಂಪ್ ಇರುತ್ತಲ್ಲ, ಅದು ಅನುಕೂಲ. ಮನೆ ಮುಂದೆ ಮಾಡೋದಾದ್ರೆ ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಸ್ಟೆಪ್ನಿ ಬದಲಿಸೋ ಜಾಕ್ ಜಾರಿದ್ರೆ ಪ್ರಾಣ ಹೋಗುತ್ತೆ, ಇದರಲ್ಲಿ ತಮಾಷೆ ಇಲ್ಲ.

ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಬೋಲ್ಟ್. ಕೆಳಗಿನದ್ದು ಬಿಚ್ಚಿ ಎಲ್ಲ ಸುರಿದ ಮೇಲೆ ಮೇಲಿನದ್ದು ತುಕ್ಕು ಹಿಡಿದು ಬರಲಿಲ್ಲ ಅಂದ್ರೆ ಕಾರು ಅಲ್ಲೇ ಕೂರುತ್ತೆ. ಕೆಳಗಿನ ಡ್ರೈನ್ ಬೋಲ್ಟ್ ಎಂಜಿನ್ನಿನದ್ದಲ್ಲ, ಗೇರ್‌ಬಾಕ್ಸಿನದ್ದೇ ಅಂತ ಎರಡು ಸಲ ನೋಡಿ. ಎರಡೂ ಹತ್ತಿರದಲ್ಲೇ ಇರೋದ್ರಿಂದ ಗೇರ್ ಆಯಿಲ್ ಸುರಿದು, ಎಂಜಿನ್‌ಗೆ ಹೊಸ ಆಯಿಲ್ ತುಂಬಿ ಕಳಿಸಿದ ಉದಾಹರಣೆಗಳಿವೆ. ಡ್ರೈನ್ ಬೋಲ್ಟಲ್ಲಿ ಅಯಸ್ಕಾಂತ ಇದ್ರೆ ಅದಕ್ಕೆ ಬೂದು ಬಣ್ಣದ ಪೇಸ್ಟ್ ಅಂಟಿರುತ್ತೆ. ಅದು ಸಹಜ. ಕೈಗೆ ಚುಚ್ಚೋ ಚೂರು ಸಿಕ್ರೆ ಹಲ್ಲು ಮುರಿದಿರಬಹುದು, ಆಗ ಮೆಕಾನಿಕ್ ಮಾತು ಕೇಳಿ. ಹದಿನೈದು ನಿಮಿಷ ಸೋರಲು ಬಿಟ್ಟು, ಹೊಸ ವಾಷರ್ ಹಾಕಿ ಮುಚ್ಚಬೇಕು. ಗೇರ್‌ಬಾಕ್ಸ್ ಪೆಟ್ಟಿಗೆ ಅಲ್ಯೂಮಿನಿಯಂ, ಭೀಮಬಲ ತೋರಿಸಿದ್ರೆ ಮರೆ ಕಿತ್ತು ಬರುತ್ತೆ.

ತುಂಬೋದು ಪಕ್ಕದ ತೂತಿಂದ. ಡಬ್ಬ ಬಗ್ಗಿಸೋಕೆ ಜಾಗ ಇರಲ್ಲ, ಮೇಲಿಂದ ಪೈಪು, ಲಾಳಿಕೆ ಇಳಿಬಿಡಬೇಕು ಅಥವಾ ಗ್ಯಾರೇಜಿನ ಕೈಪಂಪು ಬೇಕು. ಬಹಳಷ್ಟು ಕಾರುಗಳಲ್ಲಿ ಆ ತೂತಿನ ಕೆಳ ಅಂಚಿನ ತನಕ ತುಂಬಿ, ಸಣ್ಣಗೆ ಹೊರಗೆ ಜಿನುಗಿದ್ರೆ ಮಟ್ಟ ಸರಿ. ಕೆಲವು ಕಾರುಗಳಲ್ಲಿ ಹಾಗಿಲ್ಲ, ಅಳತೆ ಮಾಡಿ ಹಾಕಬೇಕು, ಪುಸ್ತಕ ನೋಡಿ. ಮಾರನೇ ದಿನ ಬೆಳಗ್ಗೆ ಕಾರಿನ ಕೆಳಗೆ ಹನಿ ಬಿದ್ದಿದೆಯಾ ಅಂತ ನೋಡಿದ್ರೆ ಕೆಲಸ ಮುಗೀತು.

ಬಿ.ಕಾಂ. ಓದಿದವನು ಲೆಕ್ಕ ಹೇಳದಿದ್ರೆ ಹೇಗೆ? ಆಯಿಲು, ಕೂಲಿ ಎಲ್ಲ ಸೇರಿ ಸಣ್ಣ ಕಾರಿಗೆ 2 ಸಾವಿರ ಅಂತಿಟ್ಕೊಳ್ಳಿ. 50 ಸಾವಿರ ಕಿಲೋಮೀಟರಿಗೆ ಒಂದು ಸಲ ಅಂದ್ರೆ ಕಿಲೋಮೀಟರಿಗೆ 4 ಪೈಸೆ. ಆ ಕನಕಪುರದ ಕೇಳುಗರಿಗೆ ಹೇಳಿದ 25 ಸಾವಿರದಲ್ಲಿ ಹನ್ನೆರಡು ಸಲ ಬದಲಿಸಬಹುದು. ಅವರಿಗೆ ನಾನು ಹೇಳಿದ್ದು, ಮೊದಲು ಕ್ಲಚ್ ಪರೀಕ್ಷೆ ಮಾಡಿ, ಅದು ಸರಿ ಇದ್ರೆ ಪುಸ್ತಕದ ಗ್ರೇಡಿನ ಆಯಿಲ್ ಹಾಕಿಸಿ ಒಂದು ತಿಂಗಳು ಓಡಿಸಿ, ಇಳಿಸೋ ಮಾತು ಆಮೇಲೆ. ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತು ಹಳೇ ಆಯಿಲ್ ನೋಡಿ ಅಂತಲೂ ಹೇಳಿದೆ. ಬಿಲ್‌ನಲ್ಲಿ ಗ್ರೇಡ್, ಕಿಲೋಮೀಟರ್ ಎರಡೂ ಬರೆಸಿಕೊಳ್ಳಿ, ಕಾರು ಮಾರುವಾಗ ಬೆಲೆ ಬರುತ್ತೆ.

ಉಳಿದಿದ್ದು ಆ ಹಳೇ ಆಯಿಲ್. ಬೇಲಿ ಕಂಬಕ್ಕೆ ಗೆದ್ದಲು ಹಿಡೀದೇ ಇರಲಿ ಅಂತ ಬಳಿಯೋ ಅಭ್ಯಾಸ ನಮ್ಮ ಕಡೆ ಇದೆ, ಚರಂಡಿಗೆ ಸುರಿಯೋರೂ ಇದ್ದಾರೆ. ರಾಮನಗರದ ಚರಂಡಿ ಹೋಗೋದು ಅರ್ಕಾವತಿಗೆ, ಅರ್ಕಾವತಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಕೂಡ ಬರುತ್ತೆ, ಅದನ್ನ ಮರುಸಂಸ್ಕರಣೆಗೆ ಪರವಾನಗಿ ಇರೋರಿಗೇ ಕೊಡಬೇಕು. ಮನೆಯಲ್ಲೇ ಬದಲಿಸಿದವರು ಹಳೇದನ್ನ ಹೊಸ ಡಬ್ಬಕ್ಕೇ ತುಂಬಿ, ಅಂಥವರಿಗೆ ಡ್ರಮ್ ಲೆಕ್ಕದಲ್ಲಿ ಕೊಡೋ ಸರ್ವಿಸ್ ಸೆಂಟರ್‌ಗೆ ತಲುಪಿಸಿ. ಕೊಡೋ ಮುಂಚೆ ನೀರು, ಪೆಟ್ರೋಲ್ ಬೆರೆಸಬೇಡಿ, ಬೆರೆತ್ರೆ ಅವರು ತಗೊಳ್ಳಲ್ಲ.