ತ್ರೀಡಿ ಚಲನಚಿತ್ರಗಳ ಬೆಳವಣಿಗೆ

ತ್ರೀಡಿ ಚಲನಚಿತ್ರ ಅಥವಾ ಮೂರು ಆಯಾಮಗಳ ಚಲನಚಿತ್ರವೆಂದರೆ ಉದ್ದ, ಅಗಲಗಳ ಜೊತೆಗೆ ಆಳದ ಅನುಭವವನ್ನೂ ನೀಡುವ ಚಲನಚಿತ್ರ. ಇದರ ಇತಿಹಾಸ ಒಂದು ಶತಮಾನದಷ್ಟು ಹಳೆಯದಾದರೂ ಇದಕ್ಕೆ ಸಜ್ಜಾದ ತೆರೆಗಳು ಜಗತ್ತಿನಾದ್ಯಂತ ಹರಡಿದ್ದು 2005ರ ನಂತರ. ಡಿಜಿಟಲ್ ಪ್ರದರ್ಶನ ವ್ಯವಸ್ಥೆಯೇ ಈ ಬೆಳವಣಿಗೆಗೆ ಮುಖ್ಯ ಕಾರಣ.

ತತ್ತ್ವ

ಎರಡು ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರವಿರುವುದರಿಂದ ಪ್ರತಿಯೊಂದು ಕಣ್ಣೂ ಒಂದೇ ದೃಶ್ಯವನ್ನು ತುಸು ಬೇರೆಯಾಗಿ ಕಾಣುತ್ತದೆ. ಈ ಬಿಂಬಗಳನ್ನು ಮಿದುಳು ಒಂದುಗೂಡಿಸಿದಾಗ ಆಳದ ಅರಿವು ಉಂಟಾಗುತ್ತದೆ. ತ್ರೀಡಿ ಚಿತ್ರದಲ್ಲಿ ಎರಡೂ ಬಿಂಬಗಳನ್ನು ಒಂದೇ ತೆರೆಯ ಮೇಲೆ ಮೂಡಿಸಿ, ವಿಶೇಷ ಕನ್ನಡಕದ ಮೂಲಕ ಬೇರ್ಪಡಿಸಲಾಗುತ್ತದೆ. ಒಂದೇ ಕಣ್ಣಿನಲ್ಲಿ ದೃಷ್ಟಿಯುಳ್ಳವರಿಗೆ ಈ ಪರಿಣಾಮ ಕಾಣದು. 1953ರ ಪ್ರಸಿದ್ಧ ತ್ರೀಡಿ ಚಿತ್ರ 'ಹೌಸ್ ಆಫ್ ವ್ಯಾಕ್ಸ್' ನಿರ್ದೇಶಿಸಿದ ಆಂದ್ರೆ ಡಿ ಟಾತ್ ಅವರೇ ಒಂದು ಕಣ್ಣನ್ನು ಕಳೆದುಕೊಂಡವರಾಗಿದ್ದರು.

ಆರಂಭದ ಯತ್ನಗಳು

1922ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ದ ಪವರ್ ಆಫ್ ಲವ್' ಪ್ರದರ್ಶನಗೊಂಡಿತು. 1952ರ 'ಬ್ವಾನಾ ಡೆವಿಲ್' ಚಿತ್ರದ ಯಶಸ್ಸಿನಿಂದ, ದೂರದರ್ಶನದತ್ತ ಹೊರಳುತ್ತಿದ್ದ ಪ್ರೇಕ್ಷಕರನ್ನು ಮರಳಿ ಕರೆತರುವ ಆಸೆ ಹಾಲಿವುಡ್‌ನಲ್ಲಿ ಚಿಗುರಿತು. ಆದರೆ ಆಗ ಎರಡು ಪ್ರೊಜೆಕ್ಟರುಗಳು ಒಂದೇ ಲಯದಲ್ಲಿ ಓಡಬೇಕಿತ್ತು. ಒಂದರ ಫಿಲ್ಮ್ ತುಂಡಾಗಿ ಕೆಲವು ಚೌಕಟ್ಟುಗಳು ಕಳೆದರೂ ಬಿಂಬಗಳು ಹೊಂದದೆ, ನೋಡುಗರಿಗೆ ತಲೆನೋವು ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ ಆ ಅಲೆ ಅಡಗಿತು.

ಡಿಜಿಟಲ್ ಯುಗ

2005ರಲ್ಲಿ ಡಿಸ್ನಿ ಸಂಸ್ಥೆಯ 'ಚಿಕನ್ ಲಿಟಲ್' ಅಮೆರಿಕಾದ ನೂರಕ್ಕೂ ಕಡಿಮೆ ಚಿತ್ರಮಂದಿರಗಳಲ್ಲಿ ಡಿಜಿಟಲ್ ತ್ರೀಡಿಯಲ್ಲಿ ತೆರೆಕಂಡಿತು. ಇಲ್ಲಿ ಒಂದೇ ಪ್ರೊಜೆಕ್ಟರ್ ಎಡ, ಬಲ ಬಿಂಬಗಳನ್ನು ಸರದಿಯಂತೆ ಸೆಕೆಂಡಿಗೆ 144 ಬಾರಿ ತೋರಿಸುವುದರಿಂದ ಹಳೆಯ ತೊಡಕು ನಿವಾರಣೆಯಾಯಿತು. ದುಬಾರಿ ಡಿಜಿಟಲ್ ಉಪಕರಣ ಕೊಳ್ಳಲು ಹಿಂಜರಿಯುತ್ತಿದ್ದ ಮಾಲೀಕರಿಗೆ ತ್ರೀಡಿಯ ಹೆಚ್ಚಿನ ಟಿಕೆಟ್ ದರ ಧೈರ್ಯ ನೀಡಿತು. 2009ರ ಡಿಸೆಂಬರ್‌ನಲ್ಲಿ ಬಂದ ಜೇಮ್ಸ್ ಕ್ಯಾಮೆರಾನ್ ನಿರ್ದೇಶನದ 'ಅವತಾರ್' ಈ ಬದಲಾವಣೆಗೆ ವೇಗ ತಂದಿತು. 2010ರಲ್ಲಿ ಅಮೆರಿಕಾ ಮತ್ತು ಕೆನಡಾದ ಚಿತ್ರಮಂದಿರಗಳ ಗಳಿಕೆಯ ಸುಮಾರು ಐದನೆಯ ಒಂದು ಭಾಗ ತ್ರೀಡಿಯಿಂದ ಬಂದಿತು. ಮುಂದೆ ಚೀನಾದ ಹೊಸ ಚಿತ್ರಮಂದಿರಗಳಲ್ಲಿ ಬಹುಪಾಲು ತ್ರೀಡಿ ಸೌಲಭ್ಯದೊಡನೆಯೇ ಆರಂಭವಾದವು.

ಇಳಿಮುಖ

ಲಾಭದ ಆಸೆಯಿಂದ, ಸಾಮಾನ್ಯವಾಗಿ ಚಿತ್ರೀಕರಿಸಿದ ಚಿತ್ರಗಳನ್ನೂ ಅವಸರದಲ್ಲಿ ತ್ರೀಡಿಗೆ ಪರಿವರ್ತಿಸಲಾಯಿತು. 2010ರ 'ಕ್ಲಾಷ್ ಆಫ್ ದ ಟೈಟನ್ಸ್' ಇದಕ್ಕಾಗಿ ತೀವ್ರ ಟೀಕೆಗೆ ಗುರಿಯಾಯಿತು. ಕನ್ನಡಕದಿಂದ ಬೆಳಕು ಕುಂದುವುದು ಮತ್ತು ಹೆಚ್ಚುವರಿ ದರ ಪ್ರೇಕ್ಷಕರ ಉತ್ಸಾಹವನ್ನು ತಗ್ಗಿಸಿದವು. ಆದರೂ ತ್ರೀಡಿಗಾಗಿ ಕೊಂಡ ಉಪಕರಣಗಳು ಸಾಮಾನ್ಯ ಚಿತ್ರಗಳಿಗೂ ಒದಗಿದವು. ಫಿಲ್ಮ್ ಸುರುಳಿಗಳು ತೆರೆಮರೆಗೆ ಸರಿಯಲು ತ್ರೀಡಿಯೂ ಒಂದು ಕಾರಣವಾಯಿತು.

ಭಾರತದಲ್ಲಿ

ಜಿಜೋ ಪುನ್ನೂಸ್ ನಿರ್ದೇಶಿಸಿದ ಮಲಯಾಳಂನ 'ಮೈ ಡಿಯರ್ ಕುಟ್ಟಿಚ್ಚಾತ್ತನ್' (1984) ಭಾರತದ ಮೊದಲ ತ್ರೀಡಿ ಚಿತ್ರ. ಕನ್ನಡದಲ್ಲಿ ಉಪೇಂದ್ರ ಅಭಿನಯದ 'ಕಠಾರಿ ವೀರ ಸುರಸುಂದರಾಂಗಿ' (2012) ಮೊದಲನೆಯದು. ನಂತರ 'ಕುರುಕ್ಷೇತ್ರ' (2019), 'ವಿಕ್ರಾಂತ್ ರೋಣ' (2022) ಚಿತ್ರಗಳು ತ್ರೀಡಿಯಲ್ಲಿ ಬಿಡುಗಡೆಯಾದವು.