ಕಂಬಂ ಕಣಿವೆಯಲ್ಲಿ ಮೋಟರಿನ ನಾಡಿ ಹಿಡಿದು

ಗಡಿಯಾಚೆಯ ಕನ್ನಡಿಗರೆಂದರೆ ನಮ್ಮ ನೆನಪು ಕಾಸರಗೋಡು, ಹೊಸೂರು, ಅಕ್ಕಲಕೋಟೆಗೇ ನಿಂತುಬಿಡುತ್ತದೆ. ಮಧುರೆಯನ್ನೂ ದಾಟಿ ಘಟ್ಟದ ಬುಡಕ್ಕೆ ಹೋದರೆ, ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡವಾಡುವ ಕಾಪಿಲಿಯರಿದ್ದಾರೆ. ದಿಂಡಿಗಲ್ ಕಡೆಯೂ ಉಂಟು. ಬೇಸಾಯದ ಜನ. ತಮಿಳು ಬೆರೆತ ಅವರ ಕನ್ನಡ ಮೊದಲಿಗೆ ನನ್ನ ಕಿವಿಗೆ ದಕ್ಕಲಿಲ್ಲ. ಮಾತು ಪಂಪ್‌ಸೆಟ್ಟಿಗೆ ತಿರುಗಿತೋ, ಎಲ್ಲ ತಿಳಿಯಿತು. ಕರೆಂಟು, ಫೇಸು, ಸ್ಟಾರ್ಟರು: ಅಲ್ಲೂ ಇಲ್ಲೂ ಅದೇ ಪದ, ಅದೇ ಗೋಳು.

ಈ ಕಣಿವೆಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 1895ರ ಪೆರಿಯಾರ್ ಅಣೆಕಟ್ಟಿನ ನೀರು ಘಟ್ಟದ ಸುರಂಗದಲ್ಲಿ ಇಳಿದುಬರುತ್ತದೆ ನಿಜ, ಆದರೆ ಕಾಲುವೆ ಮುಟ್ಟದ ತೋಟಕ್ಕೆ ಬಾವಿ, ಬೋರೇ ಗತಿ. ಗೊನೆ ತುಂಬುವ ಹೊತ್ತಿಗೆ ಮೋಟರು ಸುಟ್ಟಿತೆಂದರೆ ರಿವೈಂಡಿಂಗ್ ಖರ್ಚಿಗಿಂತ ನೀರಿಲ್ಲದೆ ಕಳೆಯುವ ದಿನಗಳೇ ದುಬಾರಿ.

ತಮಿಳುನಾಡಿನಲ್ಲಿ ಬೇಸಾಯದ ಕರೆಂಟು ಪುಕ್ಕಟೆ. ನಮ್ಮಲ್ಲೂ 10 ಎಚ್‌ಪಿವರೆಗೆ ಹಾಗೇ. ಹಾಗಾಗಿ ಅಳೆಯುವ ಮಾತೆತ್ತಿದರೆ ರೈತರು ಮುಖ ಸಿಂಡರಿಸುತ್ತಾರೆ, ಬಿಲ್ಲು ಬರುತ್ತದೇನೋ ಎಂದು! ನಾನು ಹೇಳುವ ಅಳತೆ ಬಿಲ್ಲಿಗಲ್ಲ, ಬಾವಿಗೆ. 5 ಎಚ್‌ಪಿ ತ್ರೀ ಫೇಸ್ ಮೋಟರು ತುಂಬು ಹೊರೆಯಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಬೋರಿನ ನೀರು ಇಳಿದು ಪಂಪು ಗಾಳಿ ಎಳೆಯತೊಡಗಿದರೆ ಹೊರೆ ತಗ್ಗಿ ಆಂಪಿಯರೂ ಇಳಿಯುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಹೆಚ್ಚಾದರೆ ಮಾತ್ರ ಬೀಳುವುದು. ಕಡಿಮೆಯಾದದ್ದು ಅದಕ್ಕೆ ಕಾಣದು. ನೀರಿನಲ್ಲೇ ತಣಿಯಬೇಕಾದ ಸಬ್‌ಮರ್ಸಿಬಲ್ ಒಣಗಿ ಓಡುತ್ತಲೇ ಇರುತ್ತದೆ.

ಇದನ್ನು ಹಿಡಿಯಲು 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆರ್ಡುಯಿನೋ ಎಂಬ ಅಂಗೈಯಗಲದ ಬೋರ್ಡು ಸಾಕು. ಸೆನ್ಸರ್ ಆರಿಸುವಾಗ ಮಾತ್ರ ಎಚ್ಚರ. ಅಂಗಡಿಯವರು ಮೊದಲು ಕೊಡುವ ಎಸಿಎಸ್712 ಚಿಪ್ಪನ್ನು ತಂತಿ ಕತ್ತರಿಸಿ ನಡುವೆ ಸೇರಿಸಬೇಕು. 415 ವೋಲ್ಟಿನ ಲೈನಿನಲ್ಲಿ, ಒದ್ದೆ ಕೈಯ ತೋಟದಲ್ಲಿ ನನಗದು ಒಪ್ಪಿಗೆಯಿಲ್ಲ. ತಂತಿಯ ಸುತ್ತ ಬಳೆಯಂತೆ ಕಚ್ಚಿಕೊಳ್ಳುವ ಎಸ್‌ಸಿಟಿ-013 ವಾಸಿ. 100 ಆಂಪಿಯರಿಗೆ 50 ಮಿಲಿಆಂಪಿಯರ್ ಕೊಡುವ ಬಗೆಯದಾದರೆ 7 ಆಂಪಿಯರಿಗೆ ಬರುವುದು ಮೂರೂವರೆ ಮಿಲಿಆಂಪಿಯರ್. 33 ಓಮಿನ ರೆಸಿಸ್ಟರ್ ಅದನ್ನು ವೋಲ್ಟೇಜಾಗಿಸುತ್ತದೆ. ಬೋರ್ಡು 5 ವೋಲ್ಟನ್ನು 1024 ಮೆಟ್ಟಿಲಾಗಿ ಎಣಿಸುವುದರಿಂದ ಒಂದು ಮೆಟ್ಟಿಲು ಸುಮಾರು 5 ಮಿಲಿವೋಲ್ಟ್. ಅಳತೆ ತೀರಾ ಸಣ್ಣದೆನಿಸಿದರೆ ತಂತಿಯನ್ನು ಬಳೆಯೊಳಗೆ ಎರಡು ಸಲ ಹಾಯಿಸಿ, ಬಂದದ್ದನ್ನು ಅರ್ಧ ಮಾಡಿದರಾಯಿತು.

ಎಸಿ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುವಂಥದ್ದು. ಸುಮ್ಮನೆ ಸರಾಸರಿ ತೆಗೆದರೆ ಸೊನ್ನೆಯೇ ಬಂದೀತು. ಅದಕ್ಕೇ ನಡುಮಟ್ಟವನ್ನು ಎರಡೂವರೆ ವೋಲ್ಟಿಗೆ ಎತ್ತಿಟ್ಟು, ಹತ್ತು ಸುತ್ತು ಅಳೆದು, ನಡುಮಟ್ಟ ಕಳೆದು, ವರ್ಗ ಮಾಡಿ, ಸರಾಸರಿಯ ವರ್ಗಮೂಲ ತೆಗೆಯಬೇಕು. ಮೋಟರು ಶುರುವಾಗುವಾಗ ಐದಾರು ಪಟ್ಟು ಎಳೆಯುತ್ತದೆ. ಆ ಮೊದಲ ಕೆಲವು ಸೆಕೆಂಡು ಲೆಕ್ಕಕ್ಕಿಲ್ಲ. ಆಮೇಲೆ ಅಂಕಿ ಇಳಿದೇ ಇದ್ದರೆ ರಿಲೇ ಸ್ಟಾರ್ಟರನ್ನು ಬಿಡಿಸಬೇಕು. ಮೂರೂ ಫೇಸಿಗೆ ಒಂದೊಂದು ಬಳೆ ಇದ್ದರೆ ಇನ್ನೂ ಒಳ್ಳೆಯದು: ಓಡುವಾಗ ಒಂದು ಫೇಸ್ ಹೋದರೆ ಉಳಿದೆರಡು ಹೆಚ್ಚುಕಮ್ಮಿ 1.7 ಪಟ್ಟು ಏರುವುದು ಕಣ್ಣಿಗೇ ಕಾಣುತ್ತದೆ.

ಯಾವ ಅಂಕಿಗೆ ನಿಲ್ಲಿಸಬೇಕೆಂದು ಪುಸ್ತಕ ಹೇಳದು. ನೀರು ತುಂಬಿದ ದಿನ ಒಮ್ಮೆ, ಪೈಪು ಕೆಮ್ಮತೊಡಗಿದಾಗ ಒಮ್ಮೆ ಓದಿಟ್ಟುಕೊಂಡು ನಡುವಿನದನ್ನು ಹಾಕಬೇಕು. ಬಳೆ ತೊಡಿಸುವ ಮುನ್ನ ಮೇನ್ ಇಳಿಸಿ, ರೆಸಿಸ್ಟರನ್ನು ಮೊದಲೇ ಜೋಡಿಸಿರಬೇಕು. ಆ ಕೆಲಸ ಊರಿನ ಎಲೆಕ್ಟ್ರಿಷಿಯನ್ನೇ ಮಾಡಲಿ.